ಬೆರ್ನಾಬೆ ಮೇಸ್ತ್ರಿಯೂ ಒಣಗದ ರಸ್ತೆಯೂ

ಸಾನ್ ಗಾಸ್ಪಾರಿನಲ್ಲಿ ಬಟ್ಟೆ ಒಗೆಯುವವರೂ ಕಾಫಿಬೀಜ ಹರವುವವರೂ ಕೆಲಸ ಶುರುಮಾಡುವ ಮುಂಚೆ ಬೆರ್ನಾಬೆ ಚೂಬ್‌ನನ್ನು ಕೇಳುತ್ತಿದ್ದರು: "ದೊನ್ ಬೆರ್ನಾಬೆ, ಇವತ್ತು ಬಿಸಿಲು ಬರತ್ತಾ?" ರಸ್ತೆ ಹಾಕುವ ಮೇಸ್ತ್ರಿಯಾಗಿ ಇಪ್ಪತ್ತಾರು ವರ್ಷ ಆಕಾಶವನ್ನು ಬೈಯುತ್ತಲೇ ಬದುಕಿದವನು ಅವನು. ಗ್ವಾಟೆಮಾಲಾದ ಆ ಬೆಟ್ಟದೂರಿನಲ್ಲಿ ಮಂಜು ಬಂದರೆ ನೆಂಟರಂತೆ ಕೂತುಬಿಡುತ್ತದೆ. ಅವನು ಹಾಕುತ್ತಿದ್ದದ್ದೋ, ನೀರಿನಲ್ಲಿ ಬೆರೆಸಿ ಜಲ್ಲಿಪುಡಿ ಕಲಸಿದ ತಣ್ಣನೆಯ ಡಾಂಬರು. ಹರಡುವಾಗ ಕಂದು ಬಣ್ಣ. ಹಾಲು ಒಡೆದಂತೆ ಒಡೆದು, ನೀರೆಲ್ಲ ಆರಿದ ಮೇಲಷ್ಟೇ ಕಪ್ಪಾಗಿ ಗಟ್ಟಿಯಾಗುತ್ತದೆ. ಒಳ್ಳೆ ಬಿಸಿಲಿದ್ದರೆ ಅರ್ಧ ದಿನ ಸಾಕು. ಥಂಡಿಯಿದ್ದರೆ ಅದು ಯಾರ ಮಾತೂ ಕೇಳುವುದಿಲ್ಲ.

ಆ ಸಲ ಮಾರುಕಟ್ಟೆ ಬೀದಿಗೆ ಶುಕ್ರವಾರ ಡಾಂಬರು ಹಾಕಿದರು. ಹಾಕಿ ಮುಗಿಸುವಷ್ಟರಲ್ಲಿ ಮಂಜು ಇಳಿಯಿತು. ಶನಿವಾರ ಬೆಳಗ್ಗೆ ಮೇಯರ್ ಒವಿದಿಯೊ ಬಿಳಿ ಬೂಟು ಹಾಕಿಕೊಂಡು, ಮರದ ಪಟ್ಟಿಗಳ ಮರಿಂಬಾ ವಾದ್ಯ ಬಾರಿಸುವವರನ್ನು ಕರೆದುಕೊಂಡು, ರಿಬ್ಬನ್ ಕತ್ತರಿಸಲು ಬಂದ.

"ಇನ್ನೂ ಹಸಿ ಇದೆ ಸ್ವಾಮಿ. ಮಂಗಳವಾರ ಬನ್ನಿ," ಅಂದ ಬೆರ್ನಾಬೆ.

"ಮಂಗಳವಾರ ಯಾವನು ಬರ್ತಾನಯ್ಯ? ಒಣಗಿಸು!"

"ನಾನೇನು ಸೂರ್ಯನಾ?"

ಮೇಯರ್ ಜೊತೆಗೆ ಬಂದಿದ್ದ ತನ್ನ ಅತ್ತೆ ದೊನ್ಯಾ ಕ್ಲಿಯೋಫೆಯ ಕಡೆ ತಿರುಗಿದ. ಅವಳಿಗೆ ಅದೇ ಬೀದಿಯಲ್ಲಿ ಬ್ಯೂಟಿಪಾರ್ಲರ್ ಇತ್ತು. ಅಲ್ಲಿಂದ ಆರು ಹೇರ್ ಡ್ರೈಯರ್ ಬಂದವು. ಆರು ಜನ ಹೆಂಗಸರು ಕುಕ್ಕರುಗಾಲಲ್ಲಿ ಕೂತು ರಸ್ತೆಗೆ ಬಿಸಿಗಾಳಿ ಹೊಡೆದರು. ಅರ್ಧ ಗಂಟೆಗೆ ಚಾಪೆಯಗಲದಷ್ಟು ಜಾಗ ಕಪ್ಪಾಯಿತು.

"ನೋಡು! ನಿನ್ನ ಇಪ್ಪತ್ತಾರು ವರ್ಷದ ಅನುಭವ ತಗೊಂಡೋಗಿ ತೋಟಕ್ಕೆ ಹಾಕು!" ಅಂದ ಮೇಯರ್.

"ಅದು ಬರೀ ಕೆನೆ ಸ್ವಾಮಿ. ಮೇಲೆ ಕಟ್ಟಿದೆ, ಕೆಳಗಿನ ನೀರು ಹೊರಗೆ ಬರೋಕೂ ಈಗ ದಾರಿ ಇಲ್ಲ. ಕಾಲಿಡಬೇಡಿ."

ಮೇಯರ್ ಎರಡೂ ಕಾಲಿಟ್ಟ. ಕೆನೆ ಹರಿಯಿತು. ಬೂಟು ಕಚ್ಚಿಕೊಂಡವು. ಎಳೆದ, ಬರಲಿಲ್ಲ, ಕೈಬೀಸಿದ. ಅದನ್ನೇ ಸನ್ನೆ ಅಂದುಕೊಂಡು ಮರಿಂಬಾದವರು ಜೋರಾಗಿ ಶುರುಮಾಡಿದರು.

"ಅಳಿಯಂದಿರೇ, ಕುಣೀತಾ ಇದ್ದೀರಾ?" ಎಂದು ದೊನ್ಯಾ ಕ್ಲಿಯೋಫೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಗೆ ಬೆರ್ನಾಬೆ ಹಲಗೆ ಹಾಸಿ, ಮೇಯರನ್ನು ಬೂಟಿನಿಂದ ಹೊರಗೆಳೆದು, ಬೆನ್ನ ಮೇಲೆ ಹೊತ್ತು ತಂದ.

"ನಗಬೇಡ," ಎಂದು ಬೆನ್ನಿನಿಂದಲೇ ಗದರಿದ ಮೇಯರ್.

"ಇಲ್ಲ ಸ್ವಾಮಿ, ಭಾರಕ್ಕೆ ಮೈ ಅಲುಗ್ತಿದೆ."

ಭಾನುವಾರ ಬೆರ್ನಾಬೆ ಆ ಜಾಗವನ್ನು ಕೆರೆದು ತೇಪೆ ಹಾಕಿದ. ಸೋಮವಾರ ಗಾಳಿಯೆದ್ದು ಮಂಜು ಚದುರಿತು. ಮಂಗಳವಾರ ಒಳ್ಳೆ ಬಿಸಿಲು. ಮಧ್ಯಾಹ್ನಕ್ಕೆ ಬೀದಿಯುದ್ದಕ್ಕೂ ಕಡುಗಪ್ಪು. ಬೆರ್ನಾಬೆ ಹೆಬ್ಬೆರಳು ಒತ್ತಿ ತಿರುಗಿಸಿದ, ಏನೂ ಅಂಟಲಿಲ್ಲ.

ಮೇಯರ್ ಚಪ್ಪಲಿ ಮೆಟ್ಟಿಕೊಂಡು ಬಂದು ಅಂಚಿನಲ್ಲೇ ನಿಂತ. "ಮೊದಲು ನೀನು ನಡಿ."

ಬೆರ್ನಾಬೆ ಟೋಪಿ ಸರಿಮಾಡಿಕೊಂಡು ನಡೆದ. ಮರಿಂಬಾ ಶುರುವಾಯಿತು. ಅಷ್ಟು ರಸ್ತೆ ಹಾಕಿದ್ದರೂ ಯಾವುದರ ಮೇಲೂ ಅವನು ಮೊದಲಿಗನಾಗಿ ಹೀಗೆ ನಡೆದಿರಲಿಲ್ಲ. ಎರಡು ನಿಮಿಷದ ಬೀದಿ. ಹಾಡು ಪೂರ್ತಿ ಮುಗಿಯಲೆಂದು ಅವನು ಹತ್ತು ನಿಮಿಷ ತೆಗೆದುಕೊಂಡ.