ಏಕಾದಶಿಯ ದಿನ ತಾರೆ ಮರದ ಕೆಳಗೆ

ಹಾನಗಲ್ಲಿನ ನಮ್ಮ ಅಂಗಳದ ತಾರೆ ಮರದ ಕೆಳಗೆ ನಾನು ಬಿದ್ದದ್ದನ್ನು ಕಂಡ ಸಾಕ್ಷಿ ಒಬ್ಬನೇ. ಬಿದ್ದವನೂ ಅವನೇ ಆದ್ದರಿಂದ ಹೇಳಿಕೆ ಸ್ವಲ್ಪ ಅಲುಗಾಡಿದರೆ ನೀವು ಹೊಂದಿಸಿಕೊಳ್ಳಬೇಕು.

ಮರ ನೆಟ್ಟವನು ನಾನೇ. ತಿಳವಳ್ಳಿ ಕಡೆಯಿಂದ ಗೇಣುದ್ದದ ಸಸಿ ತಂದು, ಗೋಡೆಯಿಂದ ಮೂವತ್ತು ಅಡಿ ಟೇಪು ಹಿಡಿದು ಅಳೆದು ಗುಂಡಿ ತೋಡಿದ್ದೆ. ಅಕ್ಕ ಕಟ್ಟೆಯ ಮೇಲಿಂದಲೇ, "ನೆರಳು ಬೇಕಂದ್ರ ಬೇವಿಲ್ಲೇನೋ? ತಾರಿ ಗಿಡದಾಗ ಕಲಿಪುರುಷ ಇರ್ತಾನ" ಎಂದಿದ್ದಳು. ಮಾತಿಗೆ ಆಧಾರವಿಲ್ಲದಿಲ್ಲ. ಹಿಂದಿನ ಜೂಜುಗಾರರು ತ್ರಿಫಲಕ್ಕೆ ಹಾಕುವ ಈ ತಾರೆಕಾಯಿಗಳನ್ನೇ ದಾಳವಾಗಿ ಎಸೆಯುತ್ತಿದ್ದರಂತೆ. ಸೋತವರು ತಮ್ಮನ್ನು ಬಿಟ್ಟು ಮರವನ್ನು ಬೈದಿರಬೇಕು. ನಮ್ಮಲ್ಲಂತೂ ಇಪ್ಪತ್ತು ವರ್ಷ ಕಲಿ ಯಾರ ತಂಟೆಗೂ ಬರಲಿಲ್ಲ. ಮರ ಮಾತ್ರ ಅಂಗಳಕ್ಕೆಲ್ಲ ಕೊಡೆ ಹಿಡಿಯಿತು.

ಹೋದ ಮಾಘದಲ್ಲಿ ಒಂದು ಏಕಾದಶಿ. ನಮ್ಮ ಮನೆಯಲ್ಲಿ ಅಂದು ನೀರನ್ನೂ ಯೋಚಿಸಿ ಕುಡಿಯುತ್ತಾರೆ. ಮಧ್ಯಾಹ್ನ, ಉದುರಿದ ಕಾಯಿ ಗುಡಿಸಲು ಹೋದವನು ಒಂದನ್ನು ಕಲ್ಲಿನಿಂದ ಒಡೆದೆ, ಬರೀ ಪರೀಕ್ಷೆಗೆ. ಒಳಗಿನ ಬೀಜ ಬಾದಾಮಿಯ ಬಡ ತಂಗಿಯಂತಿತ್ತು. ಪರೀಕ್ಷೆ ಮುಂದುವರಿಯಿತು. ಇಪ್ಪತ್ತಮೂರನೆಯದಾದ ಮೇಲೆ ಮರ ನಿಧಾನವಾಗಿ ಎಡಕ್ಕೆ ತಿರುಗಿತು, ಮನೆ ಬಲಕ್ಕೆ. ನಾನು ನಡುವೆ ಮಲಗಿದೆ. ಈ ಬೀಜ ಹೆಚ್ಚಾದರೆ ಅಮಲೇರುತ್ತದೆ ಎಂಬುದನ್ನು ಹೀಗೆ ಕಲಿತೆ.

ಕಣ್ಣು ಬಿಟ್ಟಾಗ ಅಕ್ಕ ಅಳುತ್ತಿದ್ದಳು. ಪಕ್ಕದ ಮನೆಯ ರೈತ ಬಸಣ್ಣ ಆಗಲೇ ಕೊಡಲಿ ತಂದಿದ್ದ.

"ಹೂಂ ಅನ್ರಿ ಮಾಸ್ತರ, ಸಂಜಿಯೊಳಗ ಕಲಿನ್ನ ಕಟಗಿ ಮಾಡ್ತೇನಿ!"

ಸುಮ್ಮನಿದ್ದರೆ ನನ್ನ ಉಪವಾಸ ಅಖಂಡ, ಮರ ತುಂಡು. ಬಾಯಿ ಬಿಟ್ಟರೆ ಮರ ಉಳಿದು ನನ್ನ ಮಾನ ಹೋಗುತ್ತದೆ. ನಾನು ಮಲಗಿದಲ್ಲಿಂದ ಮೇಲೆ ನೋಡಿದೆ. ಎಲೆಗಳ ಸಂದಿಯಿಂದ ಬಿಸಿಲು ಚೂರುಚೂರಾಗಿ ಮುಖದ ಮೇಲೆ ಬೀಳುತ್ತಿತ್ತು.

"ಅಕ್ಕಾ, ಕಲಿ ಅಲ್ಲ. ನಾನೇ ಬೀಜಾ ತಿಂದೆ."

"ಏಕಾದಶಿ ದಿನಾರೀ?" ಎಂದ ಬಸಣ್ಣ ನಗು ತಡೆಯಲು ಟವೆಲ್ಲನ್ನು ಬಾಯಿಗಿಟ್ಟುಕೊಂಡ.

ಅಕ್ಕ ಕಣ್ಣೊರೆಸಿಕೊಂಡಳು. "ಎಷ್ಟು ತಿಂದಿ?"

"ಇಪ್ಪತ್ಮೂರು."

"ಹುಚ್ಚಪ್ಪಾ! ಎಂಟರ ತನಕಾ ಏನೂ ಆಗೂದಿಲ್ಲ. ಮುಂದ ತಲಿ ತಿರಗ್ತದ." ಆಮೇಲೆ ಬಸಣ್ಣನ ಕಡೆ ತಿರುಗಿ, "ನೀ ಆ ಕೊಡ್ಲಿ ತಗೊಂಡು ನಡಿಯಪಾ" ಎಂದಳು.

ಎಂಟರ ಲೆಕ್ಕ ಅವಳಿಗೆ ಹೇಗೆ ಗೊತ್ತು, ಯಾವ ತಿಥಿಯಂದು ಗೊತ್ತಾಯಿತು ಎಂದು ನಾನು ಕೇಳಲಿಲ್ಲ. ಮರ ಉಳಿಯಲು ಒಬ್ಬರ ಮಾನ ಸಾಕಾಗಿತ್ತು.