ನೀರು ತಂದುಕೊಟ್ಟವರು

ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎದುರಿಗೆ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ 'ಮತ್ತೆ ಮೇಡಂ' ಎಂಬ ಅಡ್ಡಹೆಸರು. ಅದು ಅವಳಿಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಮನೆಮನೆಗೆ ಹೋಗಿ ಜನರನ್ನು ಪ್ರಶ್ನೆ ಕೇಳಿ ಬರೆದುಕೊಂಡು ಬರುವುದು ಅವಳ ಕೆಲಸ. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡುವವಳೂ ಅವಳೇ.

"ಅವರು ಉತ್ತರ ಹೇಳಿ ನಿಲ್ಲಿಸಿದ ಮೇಲೆ 'ಮತ್ತೆ?' ಅನ್ನಿ. ಅಂದು ಸುಮ್ಮನಿರಿ. 'ನಿಮಗೆ ತುಂಬಾ ಕಷ್ಟ ಅಲ್ವಾ' ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ಅವರ ಬಾಯಿಗೆ ನಿಮ್ಮ ಮಾತು ತುರುಕಬೇಡಿ. ಸುಮ್ಮನೆ ಕೂರೋದಕ್ಕೇ ಸಂಬಳ ಕೊಡ್ತಾರೆ ಅಂತ ತಿಳ್ಕೊಳ್ಳಿ."

ಇನ್ನೊಂದು ಪಾಠವೂ ಇತ್ತು. ಯಾರನ್ನು ಕೇಳಿದರೂ ಒಬ್ಬೊಬ್ಬರನ್ನೇ ಕೇಳಬೇಕು, ಪಕ್ಕದಲ್ಲಿ ಇನ್ನೊಬ್ಬರು ಇರಕೂಡದು. "ಗಂಡ ಪಕ್ಕದಲ್ಲಿ ಕೂತಿದ್ರೆ ನೀವು ಹೆಂಡತಿಯನ್ನ ಕೇಳಿದ ಹಾಗಲ್ಲ, ಗಂಡನನ್ನೇ ಎರಡು ಸಲ ಕೇಳಿದ ಹಾಗೆ" ಎಂದು ಅವಳು ಹೇಳಿದಾಗ ತರಗತಿಯಲ್ಲಿ ನಗು ಏಳುತ್ತಿತ್ತು. ಆ ನಗುವಿಗಾಗಿ ಅವಳು ಪ್ರತಿ ಸಲವೂ ಒಂದು ಗಳಿಗೆ ನಿಲ್ಲಿಸುತ್ತಿದ್ದಳು.

ಆ ವರ್ಷದ ಅಧ್ಯಯನ ಮನೆಗೆಲಸದ ಮೇಲೆ. ಮನೆಯಲ್ಲಿ ಗುಡಿಸುವುದು, ಬೇಯಿಸುವುದು, ಒಗೆಯುವುದು ಯಾರು? ಊಹೆಯನ್ನು ಅವಳೇ ಕಟ್ಟಿದ್ದಳು: ಹೆಂಗಸು ಹೊರಗೆ ದುಡಿಯುವ ಮನೆಗಳಲ್ಲಿ ಗಂಡ ಹೆಂಡತಿ ಕೆಲಸವನ್ನು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಳ್ಳುತ್ತಾರೆ. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು.

"ಇದು ಸುಳ್ಳಾಗೋದಕ್ಕೆ ದಾರಿ ಬಿಟ್ಟಿದೀರಾ? ಸುಳ್ಳಾಗೋಕೆ ದಾರೀನೇ ಇಲ್ಲದಿದ್ರೆ ಅದು ಊಹೆ ಅಲ್ಲ, ನಿಮ್ಮ ಆಸೆ."

"ಬಿಟ್ಟಿದೀನಿ ಸರ್" ಎಂದಳು. ಅದು ಸುಳ್ಳಾಗುವುದಿಲ್ಲ ಎಂಬ ಧೈರ್ಯ ಅವಳಿಗೆ. ತನ್ನ ಮನೆಯೇ ಕಣ್ಣ ಮುಂದಿತ್ತಲ್ಲ. ಅವಳೂ ದುಡಿಯುತ್ತಾಳೆ, ಗಂಡನೂ ದುಡಿಯುತ್ತಾನೆ. ಗಂಡ ತರಕಾರಿ ತರುತ್ತಾನೆ. ಒಂದು ಸಲ ತಂದರೆ ವಾರವಿಡೀ ಅದರ ಮಾತಾಡುತ್ತಾನೆ, ಅದು ಬೇರೆ ವಿಷಯ. ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟರೆ ಅವಳಿಗೆ ಜಗಳ ಆಡುವಂಥದ್ದೇನೂ ಇರುತ್ತಿರಲಿಲ್ಲ. ಮನೆ ಒರೆಸಿರುತ್ತಿತ್ತು, ಬಟ್ಟೆ ಮಡಿಸಿರುತ್ತಿತ್ತು, ಒಲೆಯ ಮೇಲಿನದು ಬಿಸಿಯಾಗಿರುತ್ತಿತ್ತು.

ಮಾದರಿಗೆ ಯಾವ ಬೀದಿಗಳು ಎಂದು ಚೀಟಿ ಎತ್ತಿದಾಗ ಅವಳ ಬೀದಿಯೇ ಬಂತು. ಇಷ್ಟು ಮನೆಗೊಂದು ಎಂದು ಎಣಿಸುತ್ತಾ ಹೋದರೆ ಅವಳ ಮನೆಯೂ ಬಂತು.

ಅವಳ ಜೊತೆಗಾತಿ, ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದವಳು, ಎಲ್ಲರ ಬಾಯಲ್ಲೂ ಕೊಡೆ ಅಕ್ಕ. ಅವಳು ಹೇಳಿದಳು: "ಬಿಟ್ಬಿಡೆ ಮಾರಾಯ್ತಿ, ಪಕ್ಕದ ಮನೆ ತಗೊಂಡ್ರಾಯ್ತು. ಯಾರು ಕೇಳ್ತಾರೆ?"

"ಹಾಗೆ ಬಿಡೋದಾದ್ರೆ ಚೀಟಿ ಎತ್ತಿದ್ದು ಯಾಕೆ? ನಮಗೆ ಬೇಕಾದವರನ್ನೇ ಆರಿಸ್ಕೊಂಡು ಬರಬಹುದಿತ್ತು. ಕೈಯಾಡಿಸದೆ ಮೇಲ್ಮೇಲೆ ರುಚಿ ನೋಡಿ ಉಪ್ಪು ಸರಿಯಿದೆ ಅಂದ ಹಾಗೆ."

"ನೀನು ಒಲೆ ಮುಂದೆ ನಿಂತು ಕೈಯಾಡಿಸಿ ಯಾವ ಕಾಲ ಆಯ್ತೋ."

"ಸುಮ್ನಿರೆ. ನೀನೇ ಬಂದು ಕೇಳು. ನಮ್ಮನೇಲಿ ಮುಚ್ಚಿಡೋದೇನಿದೆ?"

ಭಾನುವಾರ ಕೊಡೆ ಅಕ್ಕ ಬಂದಳು. ಗಂಡನನ್ನು ಹಜಾರದಲ್ಲಿ ಕೂರಿಸಿಕೊಂಡು ಕೇಳಿದಳು. ಅವನು ಗಂಟಲು ಸರಿಮಾಡಿಕೊಂಡು, "ನಾವಿಬ್ಬರೂ ಹಂಚ್ಕೊಂಡು ಮಾಡ್ತೀವಿ. ಈಗಿನ ಕಾಲದಲ್ಲಿ ಹಾಗೇ ಅಲ್ವೇ?" ಎಂದ. ಆಮೇಲೆ ಮತ್ತೆ ಮೇಡಂ ಕೂತಳು. ಅವಳೂ ಅದನ್ನೇ ಹೇಳಿದಳು. ಉಳಿದವಳು ನಾದಿನಿ. ಹದಿನೆಂಟು ದಾಟಿದ ಪ್ರತಿಯೊಬ್ಬರನ್ನೂ ಕೇಳಬೇಕೆಂಬುದು ನಿಯಮ.

ನಾದಿನಿ, ಗಂಡನ ತಂಗಿ, ಅಡುಗೆಮನೆಯಲ್ಲಿದ್ದಳು. ಅವಳು ಮೊದಲು ಒಂದು ಮುದ್ರಣಾಲಯದಲ್ಲಿ ಅಕ್ಷರದ ಅಚ್ಚುಮೊಳೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅಣ್ಣನಿಗೆ ಮಗಳು ಹುಟ್ಟಿದಾಗ, ಅತ್ತಿಗೆ ಕೆಲಸಕ್ಕೆ ವಾಪಸು ಹೋಗಬೇಕು, ಸ್ವಲ್ಪ ದಿನ ಇದ್ದು ಹೋಗು ಎಂದು ಕರೆಸಿಕೊಂಡಿದ್ದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಮಗಳು ಬೆಳೆದು ಹಾಸ್ಟೆಲ್ಲಿಗೆ ಹೋದಳು, ಮುದ್ರಣಾಲಯ ಮುಚ್ಚಿತು, ಅತ್ತಿಗೆ ಮೇಡಂ ಆದಳು. ನಾದಿನಿ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲೇ ಉಳಿದಳು. ಸೌತೆಕಾಯಿ ಹೆಚ್ಚಿದರೂ ಆ ಬಿಲ್ಲೆಗಳನ್ನು ಸಾಲಿಗೆ ಸಾಲು ಕೂಡುವಂತೆ ತಟ್ಟೆಯಲ್ಲಿ ಜೋಡಿಸುತ್ತಿದ್ದಳು.

ಕೊಡೆ ಅಕ್ಕ ಅಡುಗೆಮನೆಗೆ ಹೋದಾಗ ಮತ್ತೆ ಮೇಡಂ ಹಜಾರದಲ್ಲೇ ಉಳಿಯಬೇಕಿತ್ತು. ಅದು ಅವಳೇ ಕಲಿಸಿದ ಪಾಠ. ಆದರೆ ಅವಳು ಎದ್ದು ಹೋಗಿ ಬಾಗಿಲಿಗೆ ಒರಗಿ ನಿಂತಳು. ಇದು ನನ್ನ ಮನೆಯಲ್ಲವೇ, ನನ್ನ ಅಡುಗೆಮನೆಯ ಬಾಗಿಲಲ್ಲವೇ ಎಂಬ ಸಲಿಗೆ. ಕೊಡೆ ಅಕ್ಕ ಒಮ್ಮೆ ತಿರುಗಿ ನೋಡಿದಳು. ಗೆಳತಿಯನ್ನು ಅವಳದೇ ಮನೆಯಲ್ಲಿ ಆಚೆ ಹೋಗು ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

"ನೀವು ಏನು ಕೆಲಸ ಮಾಡ್ತೀರಿ?"

"ನಾನಾ?" ನಾದಿನಿಯ ಕೈಯಲ್ಲಿ ತೊಳೆಯುವ ಪಾತ್ರೆ ಇತ್ತು, ಮೊಣಕೈವರೆಗೆ ನೊರೆ. "ನಾನೇನಿಲ್ಲ. ಸುಮ್ನೆ ಮನೇಲಿರ್ತೀನಿ."

"ಮತ್ತೆ?"

ನಾದಿನಿ ಅತ್ತಿಗೆಯ ಮುಖ ನೋಡಿದಳು. ಬಾಯಿ ತೆರೆದಳು. ಏನೋ ಬರುವುದರಲ್ಲಿತ್ತು. ಸುಮ್ಮನಿರುವುದಕ್ಕೇ ಸಂಬಳ ತೆಗೆದುಕೊಳ್ಳುತ್ತಿದ್ದ ಮತ್ತೆ ಮೇಡಂ ಆಗ ಸುಮ್ಮನಿರಲಿಲ್ಲ.

"ಅವಳಿಗೂ ಹೊತ್ತು ಹೋಗ್ಬೇಕಲ್ಲ, ನನಗೆ ಸ್ವಲ್ಪ ಕೈಜೋಡಿಸ್ತಾಳೆ ಅಷ್ಟೇ" ಎಂದು ನಕ್ಕಳು.

ನಾದಿನಿ ತೆರೆದ ಬಾಯಿ ಮುಚ್ಚಿದಳು. "ಹೂಂ, ಅಷ್ಟೇ" ಎಂದಳು. ನಲ್ಲಿ ತಿರುಗಿಸಿದಳು. ಆಮೇಲೆ ಕೈ ಒರೆಸಿಕೊಂಡು ಕೊಡೆ ಅಕ್ಕನಿಗೆ ಒಂದು ಲೋಟ ನೀರು ತಂದುಕೊಟ್ಟಳು.

ಎಲ್ಲ ಮನೆಗಳ ಉತ್ತರ ಸೇರಿಸಿ ನೋಡಿದಾಗ ಊಹೆ ಗೆದ್ದಿತ್ತು. ಹೆಂಗಸು ದುಡಿಯುವ ಮನೆಗಳಲ್ಲಿ ಹಂಚಿಕೆ ನಿಜಕ್ಕೂ ಸಮನಾಗಿತ್ತು. ಆಫೀಸಿನಲ್ಲಿ ಎಲ್ಲರೂ ಅವಳ ಬೆನ್ನು ತಟ್ಟಿದರು. ವರದಿಯ ಮುಖ್ಯ ಅಧ್ಯಾಯ ನೀವೇ ಬರೆಯಿರಿ ಎಂದರು ನಿರ್ದೇಶಕರು. ದೊಡ್ಡ ಸಭೆಯೊಂದರಲ್ಲಿ ಅದನ್ನು ಓದುವ ಅವಕಾಶವೂ ಅವಳಿಗೇ. ಇಷ್ಟು ವರ್ಷ ಬೇರೆಯವರ ವರದಿಗೆ ಉತ್ತರ ಹೊತ್ತು ತಂದವಳ ಹೆಸರು ಮೊದಲ ಸಲ ಮೇಲೆ ಬರುವುದಿತ್ತು.

ಬರೆಯಲು ಕೂತಳು. ಗಂಡ ಹೆಂಡತಿ ಹಂಚಿಕೊಂಡು ಮಾಡುತ್ತೇವೆ ಎಂದ ಮನೆಗಳನ್ನು ಒಂದೊಂದಾಗಿ ನೆನೆಸಿಕೊಂಡಳು, ಉದಾಹರಣೆಗೆ ಬೇಕಾಗುತ್ತದೆಂದು. ಬ್ಯಾಂಕಿನವಳ ಮನೆ. ಹಸಿರು ಸೋಫಾ, ಸೆಖೆ. ಅಲ್ಲಿ ನೀರು ಕೊಟ್ಟವರು ಯಾರು? ಬ್ಯಾಂಕಿನವಳಂತೂ ಸೋಫಾ ಬಿಟ್ಟು ಏಳಲಿಲ್ಲ. ಒಬ್ಬ ಮುದುಕಿ ಬಂದಿದ್ದಳು, ಅವಳ ತಾಯಿಯೋ ಅತ್ತೆಯೋ. ನರ್ಸಮ್ಮನ ಮನೆಯಲ್ಲಿ? ಗಂಡನನ್ನು ಕಳೆದುಕೊಂಡ ಅಕ್ಕ. ಟೀಚರ ಮನೆಯಲ್ಲಿ ಒಂದು ಕೈ ಮಾತ್ರ ನೆನಪಾಯಿತು, ಪರದೆಯ ಸಂದಿಯಿಂದ ತಟ್ಟೆ ಚಾಚಿದ ಕೈ. ಅವಳು ಎಲ್ಲ ಕಡೆಯೂ ನೀರು ಕುಡಿದು ಲೋಟ ವಾಪಸು ಕೊಟ್ಟಿದ್ದಳು. ಕೊಟ್ಟವರ ಮುಖ ನೋಡಿರಲಿಲ್ಲ.

ನೋಡಿರಲಿಲ್ಲ ಎಂದರೆ ಕೇಳಿರಲಿಲ್ಲ ಎಂದಲ್ಲ. ನಿಯಮದಂತೆ ಅವರನ್ನೂ ಕೇಳಿದ್ದಳು, ಕೊನೆಯಲ್ಲಿ, ಎದ್ದು ಹೊರಡುವ ಅವಸರದಲ್ಲಿ. ಎಲ್ಲರೂ ಸುಮ್ನೆ ಮನೇಲಿರ್ತೀನಿ ಅಂದಿದ್ದರು. ಅವರಿಗೆ ಮಾತ್ರ ಅವಳು 'ಮತ್ತೆ?' ಅಂದಿರಲಿಲ್ಲ. ಕೆಲಸವಿಲ್ಲದವರು ಎಂಬ ಸಾಲಿಗೆ ಅವರನ್ನೆಲ್ಲ ಸೇರಿಸಿ ಬದಿಗಿಟ್ಟಿದ್ದಳು. ಹಂಚಿಕೆಯ ಪ್ರಶ್ನೆಯನ್ನು ಗಂಡ ಹೆಂಡತಿಗೆ ಮಾತ್ರ ಇಟ್ಟಿದ್ದಳು. ಮೂರನೆಯ ಹೆಂಗಸು ಮಾಡಿ ಮುಗಿಸಿ ಉಳಿಸಿದ ಚೂರುಪಾರನ್ನು ಇಬ್ಬರು ಸಮನಾಗಿ ಹಂಚಿಕೊಂಡರೆ ಅದು ಸಮಾನತೆ!

ಇದು ಅವಳು ಉಳಿದ ಮನೆಗಳಿಂದ ಕಲಿತದ್ದಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾದಿನಿ ತೆರೆದ ಬಾಯಿ ಮುಚ್ಚಿಕೊಂಡದ್ದನ್ನು ನೋಡಿದ್ದರಿಂದ ಗೊತ್ತಾದದ್ದು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಾಯಿ ಬಿಟ್ಟರೆ ಅಧ್ಯಾಯ ಹೋಗುತ್ತದೆ, ಹೆಸರು ಹೋಗುತ್ತದೆ, ತನ್ನ ಮನೆಯ ಬಣ್ಣ ಆಫೀಸಿನವರೆಲ್ಲರ ಮುಂದೆ ಬಯಲಾಗುತ್ತದೆ. ಎರಡು ದಿನ ಅವಳು ಯಾರ ಮುಖವನ್ನೂ ನೋಡದೆ ಓಡಾಡಿದಳು. ಮನೆಯಲ್ಲಿ ನಾದಿನಿ ತಟ್ಟೆ ಇಟ್ಟರೆ ತಲೆ ತಗ್ಗಿಸಿ ಉಂಡಳು. ತಟ್ಟೆ ತೊಳೆಯಲು ಎದ್ದರೆ, "ಬಿಡಿ ಅತ್ತಿಗೆ, ಏನಾಯ್ತು ನಿಮಗೆ?" ಎಂದು ಅವಳು ಕಸಿದುಕೊಂಡಳು. ನಾಚಿಕೆಗೆಂದು ತೊಳೆಯುವ ತಟ್ಟೆ ಎಂದು ನಾದಿನಿಗೂ ತಿಳಿಯಿತೋ ಏನೋ.

ಮೂರನೆಯ ದಿನ ನಿರ್ದೇಶಕರ ಕೋಣೆಗೆ ಹೋದಳು. ಕೊಡೆ ಅಕ್ಕನೂ ಅಲ್ಲಿದ್ದಳು.

"ಸರ್, ಊಹೆ ಗೆದ್ದಿಲ್ಲ. ನಾವು ಕೇಳೋದರಲ್ಲೇ ಎಡವಿದೀವಿ. ಆ ಮನೆಗಳಲ್ಲೆಲ್ಲ ಇನ್ನೊಬ್ಬ ಹೆಂಗಸು ಇದಾಳೆ. ಅವಳನ್ನ ನಾನು ಕೆಲಸ ಇಲ್ಲದವಳು ಅಂತ ಬರೆದಿದೀನಿ."

"ಹೇಗೆ ಹೇಳ್ತೀರಿ?"

"ನಮ್ಮನೇ ಉತ್ತರ ಸುಳ್ಳು ಸರ್. ಎಲ್ಲ ಮಾಡೋಳು ನನ್ನ ನಾದಿನಿ. ಅವಳನ್ನ ಕೇಳಿದಾಗ ನಾನೇ ಅಡ್ಡ ಬಾಯಿ ಹಾಕ್ದೆ. ಸರಿಯಾದ್ದು ಏನೂಂತ ಈಗ ನಾನೇ ಬರೆದುಕೊಡ್ತೀನಿ."

ಕೊಡೆ ಅಕ್ಕ ಕೊಡೆಯ ಹಿಡಿಯನ್ನೇ ನೋಡುತ್ತಿದ್ದಳು. ನಿರ್ದೇಶಕರು, "ನೀವು ಬರೆದುಕೊಟ್ಟರೆ ಅದೂ ನಿಮ್ಮ ಉತ್ತರವೇ ಆಯ್ತಲ್ಲ" ಎಂದರು. "ಆಗ ಅವರ ಪರವಾಗಿ ನೀವು ಮಾತಾಡಿದ್ರಿ. ಈಗಲೂ ಅವರ ಪರವಾಗಿ ನೀವೇ ಮಾತಾಡ್ತೀರಾ? ಆ ಮನೆಗಳಿಗೆಲ್ಲ ಮತ್ತೊಮ್ಮೆ ಹೋಗಬೇಕು. ನಿಮ್ಮ ಮನೆಗೂ. ನೀವು ಅಲ್ಲಿರಬಾರದು."

ತಪ್ಪೊಪ್ಪಿಕೊಂಡರೆ ಹಗುರಾಗುತ್ತೇನೆ ಎಂದುಕೊಂಡಿದ್ದಳು. ಆ ಹಗುರವೂ ಸಿಗಲಿಲ್ಲ.

ಮುಂದಿನ ಭಾನುವಾರ ಕೊಡೆ ಅಕ್ಕ ಬಂದಾಗ ಗಂಡನನ್ನು ಕರೆದುಕೊಂಡು ಅವಳು ಮನೆಯಿಂದ ಹೊರಬಿದ್ದಳು. "ನಮ್ಮ ಮನೆಯಿಂದ ನಮ್ಮನ್ನೇ ಓಡಿಸ್ತಾರಲ್ಲೇ" ಎಂದು ಗೊಣಗಿ ಗಂಡ ಕ್ಷೌರದಂಗಡಿಗೆ ಹೋದ. ಅವಳು ಬೀದಿಯ ತುದಿಯಲ್ಲಿ, ಇಸ್ತ್ರಿ ಅಂಗಡಿಯ ನೆರಳಲ್ಲಿ ನಿಂತಳು. ಅಲ್ಲಿಂದ ಮನೆಯ ಬಾಗಿಲು ಕಾಣುತ್ತಿತ್ತು. ಬಾಗಿಲು ಮುಚ್ಚಿತ್ತು. ಇಸ್ತ್ರಿಯವನು, "ಏನಮ್ಮ, ಬೀಗದ ಕೈ ಮರೆತ್ರಾ?" ಎಂದ. ಹೂಂ ಎಂದಳು.

ಹಿಂದಿನ ಸಲ ಒಂದು ಪಾತ್ರೆ ತೊಳೆಯುವಷ್ಟರಲ್ಲಿ ಮುಗಿದಿದ್ದ ಪ್ರಶ್ನೆ ಈಗ ಮುಗಿಯಲೇ ಇಲ್ಲ. ಇಸ್ತ್ರಿಯವನ ಬಟ್ಟೆಯ ಗಂಟು ಕರಗುತ್ತಾ ಬಂತು. ಒಳಗೆ ನಾದಿನಿ ಏನೇನು ಹೇಳುತ್ತಿದ್ದಾಳೋ! ಮುದ್ರಣಾಲಯದ ಬಗ್ಗೆ ಹೇಳುತ್ತಿರಬಹುದು, ಮುಗಿಯದ ಆ 'ಸ್ವಲ್ಪ ದಿನ'ದ ಬಗ್ಗೆ ಹೇಳುತ್ತಿರಬಹುದು. ಅಥವಾ ಅತ್ತಿಗೆ ಒಳ್ಳೆಯವರು ಎನ್ನುತ್ತಿರಬಹುದು. ಅದನ್ನು ನೆನೆದಾಗಲೇ ಅವಳಿಗೆ ಹೆಚ್ಚು ಹಿಂಸೆಯಾಯಿತು.

ಕೊನೆಗೂ ಬಾಗಿಲು ತೆರೆಯಿತು. ಕೊಡೆ ಅಕ್ಕ ಕೊಡೆ ಬಿಚ್ಚಿಕೊಂಡು ಬಂದಳು. ಅವಳ ಕಣ್ಣು ಕೆಂಪಗಿತ್ತು.

"ಏನಂದ್ಲೇ?"

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಒಬ್ಬರು ಹೇಳಿದ್ದನ್ನು ಆ ಮನೆಯ ಇನ್ನೊಬ್ಬರಿಗೆ ಹೇಳಕೂಡದು, ಅದೂ ಅವಳು ಕಲಿಸಿದ್ದೇ.

"ನೀನೇ ಹೇಳ್ಕೊಟ್ಟಿದ್ದಲ್ವೇನೆ" ಎಂದಳು ಕೊಡೆ ಅಕ್ಕ. ಎರಡು ಹೆಜ್ಜೆ ಹೋದವಳು ತಿರುಗಿ, "ಮನೆಗೆ ಹೋಗು" ಎಂದಳು.

ಹಜಾರದಲ್ಲಿ ನಾದಿನಿ ಕುರ್ಚಿಯ ಮೇಲೆ ಕೂತಿದ್ದಳು. ಅಷ್ಟು ವರ್ಷದಲ್ಲಿ ಹಗಲು ಹೊತ್ತು ಅವಳು ಆ ಕುರ್ಚಿಯಲ್ಲಿ ಕೂತದ್ದನ್ನು ಮತ್ತೆ ಮೇಡಂ ಕಂಡಿರಲಿಲ್ಲ. ಒಲೆ ಹಚ್ಚಿರಲಿಲ್ಲ. ಬೆಳಗಿನ ಪಾತ್ರೆಗಳು ಹಾಗೇ ಇದ್ದವು.

"ಗಂಟಲು ಒಣಗಿದೆ ಅತ್ತಿಗೆ" ಎಂದಳು ನಾದಿನಿ. "ಇಷ್ಟು ಮಾತಾಡಿ ಅಭ್ಯಾಸ ಇಲ್ಲ. ಒಂದು ಲೋಟ ನೀರು ಕೊಡ್ತೀರಾ?"

ಮತ್ತೆ ಮೇಡಂ ಅಡುಗೆಮನೆಗೆ ಹೋದಳು. ಮೊದಲು ಲೋಟಗಳಿದ್ದ ಜಾಗದಲ್ಲಿ ಡಬ್ಬಿಗಳಿದ್ದವು. ಒಂದು ಬಾಗಿಲು ತೆಗೆದಳು, ಇನ್ನೊಂದು ತೆಗೆದಳು. ಯಾವಾಗ ಬದಲಾಯಿಸಿದ್ದಳೋ. ಹಜಾರಕ್ಕೆ ಕೇಳುವಂತೆ ಕೂಗಿ ಕೇಳಲು ಆಗದೆ ಅಲ್ಲೇ ಸ್ವಲ್ಪ ಹೊತ್ತು ನಿಂತಳು. ಕೊನೆಗೆ ತೊಳೆಯದ ರಾಶಿಯಿಂದ ಒಂದು ಲೋಟ ಎತ್ತಿ, ತಿಕ್ಕಿ, ತೊಳೆದು, ನೀರು ತುಂಬಿ ತಂದಳು.

ನಾದಿನಿ ಪೂರ್ತಿ ಕುಡಿದು ಲೋಟ ಚಾಚಿದಳು. ಮತ್ತೆ ಮೇಡಂ ಲೋಟ ಹಿಡಿದು ನಿಂತೇ ಇದ್ದಳು. "ಅವತ್ತು ನಾನು ಬಾಗಿಲಲ್ಲಿ ನಿಲ್ಲಬಾರದಿತ್ತು" ಎಂದಳು, ನೆಲ ನೋಡುತ್ತಾ.

ನಾದಿನಿ ಕುರ್ಚಿಯಿಂದ ಏಳಲಿಲ್ಲ. ಪರವಾಗಿಲ್ಲ ಬಿಡಿ ಅನ್ನಲೂ ಇಲ್ಲ. ಅತ್ತಿಗೆಯ ಮುಖವನ್ನೇ ನೋಡುತ್ತಾ, "ಮತ್ತೆ?" ಎಂದಳು.

ಹಾಗಂದು ಸುಮ್ಮನೆ ಕೂತಳು.