ಕೊರಗಪ್ಪಣ್ಣನ ರೆಸ್ಟು

ದುಬೈಯ ಅಲ್ ಕೂಜ್‌ನಲ್ಲಿ ನನ್ನದೊಂದು ಟೈಪಿಂಗ್ ಸೆಂಟರ್ ಇದೆ. ವೀಸಾ ಅರ್ಜಿಯಿಂದ ಹಿಡಿದು ರಜೆ ಚೀಟಿಯವರೆಗೆ ಜನರ ಕಾಗದಗಳನ್ನು ಟೈಪ್ ಮಾಡಿಕೊಡುವುದು ನನ್ನ ಕೆಲಸ. ಪಕ್ಕದ ಅಲ್ಯೂಮಿನಿಯಂ ಗೋದಾಮಿನ ಸ್ಟೋರ್‌ಕೀಪರ್ ಕೊರಗಪ್ಪಣ್ಣನ ರಜೆ ಅರ್ಜಿಗಳನ್ನು ಇಪ್ಪತ್ತೆರಡು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. ಹಾಗಾಗಿ ಅವರ ಕುಟುಂಬದ ಚರಿತ್ರೆ ನನಗೆ ಬಾಯಿಪಾಠ: ತಂಗಿಯ ಮದುವೆ, ಮನೆ ಒಕ್ಕಲು, ಅಪ್ಪ ತೀರಿಕೊಂಡಾಗಿನ ಬೊಜ್ಜದ ಊಟ, ನಾಗಪ್ರತಿಷ್ಠೆ, ಭಾವನ ಮಗಳ ಸೀಮಂತ. ಊರಿಗೆ ಹೋದರೆ ಮನುಷ್ಯ ವಿಮಾನ ಇಳಿದು ನೇರ ಯಾವುದಾದರೊಂದು ಚಪ್ಪರದ ಕೆಳಗೆ.

ಈ ಸಲ ಬಂದು ಕುಳಿತವರು, "ಕಾರಣ ರೆಸ್ಟ್ ಅಂತ ಬರೀರಿ ಮೊಯ್ದಿನಬ್ಬ," ಎಂದರು. ಹೋಗುವುದು ಗ್ರೀಸ್ ದೇಶದ ಒಂದು ಸಣ್ಣ ದ್ವೀಪಕ್ಕಂತೆ. ಅದರ ಹೆಸರು ಅವರ ಬಾಯಲ್ಲಿ ಮೂರು ಸಲ ಮೂರು ರೀತಿ ಬಂತು. ಗೋದಾಮಿನ ಕ್ಯಾಲೆಂಡರಿನಲ್ಲಿ ಚಿತ್ರ ನೋಡಿದ್ದರು: ಸುಣ್ಣ ಬಳಿದ ಗೋಡೆ, ಆಚೆ ಸಮುದ್ರ, ನಡುವೆ ಒಂದು ಖಾಲಿ ಬೆಂಚು. ತಿಂಗಳು ಮುಗಿದರೂ ಅವರು ಆ ಹಾಳೆಯನ್ನು ಮಗುಚಿರಲಿಲ್ಲ.

"ಸಮುದ್ರ ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ನಿಮ್ಮ ಊರು ಹೆಜಮಾಡಿಯಲ್ಲಿ ಇಲ್ವಾ?" ಎಂದು ಕೇಳಿದೆ.

"ಉಂಟು. ಅಲ್ಲಿ ನೆಂಟರೂ ಇದ್ದಾರೆ."

ಅವರು ಹೇಳಿದಂತೆಯೇ ಟೈಪ್ ಮಾಡಿದೆ. ಅದೇ ತಪ್ಪಾಯಿತು. ನಮ್ಮ ಜನ ರೆಸ್ಟನ್ನು ತಾವಾಗಿ ತೆಗೆದುಕೊಳ್ಳುವುದಿಲ್ಲ, ಡಾಕ್ಟರು ಹೇಳಬೇಕು. ಆಫೀಸಿನವರು ಮೆಡಿಕಲ್ ಸರ್ಟಿಫಿಕೇಟ್ ಕೇಳಿದರು. ಕೊರಗಪ್ಪಣ್ಣ ಮಗ ಕೀರ್ತನ್ ಜೊತೆ ಇರುವ ಅಲ್ ಬರ್ಷಾದ ಫ್ಲ್ಯಾಟಿಗೆ ಫೋರ್‌ಮನ್ ಮುನಿಸ್ವಾಮಿ ಸೇಬು ಹಿಡಿದುಕೊಂಡು ಹೋದ. ಊದ್ ಮೇಥಾದಿಂದ ನಮ್ಮೂರ ಕಡೆಯವರ ಸಂಘದ ಇಬ್ಬರು ಮುಸುಂಬಿ ತಂದು, ಮೆಲುದನಿಯಲ್ಲಿ ಮಾತನಾಡಿ, ಚಹಾ ಕುಡಿಯದೆ ಎದ್ದರು. ಅವರಲ್ಲೊಬ್ಬ ನನ್ನಲ್ಲಿಗೆ ಬಂದು, "ಎಲ್ಲಿಗೆ ಹರಡಿದೆಯಂತೆ?" ಎಂದು ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ತಲೆಗೆ," ಎಂದೆ. ಮಹಾರಾಯ ಅರ್ಧ ಮಾತ್ರ ಕೇಳಿಸಿಕೊಂಡು, ಕಾಯಿಲೆ ತಲೆಗೆ ಹೋಗಿದೆಯೆಂದು ಊರೆಲ್ಲ ಹೇಳಿಕೊಂಡು ಬಂದ.

ವಾರ ಕಳೆಯುವಷ್ಟರಲ್ಲಿ ಕೊರಗಪ್ಪಣ್ಣನಿಗೇ ಗೊಂದಲ. ಫಾರ್ಮಸಿಯಲ್ಲಿ ಎರಡು ಸಲ ಬಿಪಿ ನೋಡಿಸಿಕೊಂಡು ಬಂದು, "ನನಗೆ ನಿಜವಾಗ್ಲೂ ಎಂತಾದ್ರೂ ಆಗಿದೆಯಾ ಮಾರಾಯ್ರೆ?" ಎಂದರು. ಎರಡೂ ಸಲ ನಾರ್ಮಲ್ ಇತ್ತು.

ಅಂತೂ ರಜೆ ಸಿಕ್ಕಿತು. ಗ್ರೀಸಿನ ವೀಸಾಕ್ಕೆಂದು ವೀಸಾ ಸೆಂಟರಿಗೆ ಹೋಗುವ ಹಿಂದಿನ ದಿನ ಗಂಡ ಹೆಂಡತಿ ಇಬ್ಬರೂ ಅರ್ಜಿಗೆ ಸಹಿ ಹಾಕಬೇಕಿತ್ತು. ಅಮ್ಮಣ್ಣಿಯಕ್ಕ ದುಬೈಗೆ ಬಂದದ್ದು ಹೋದ ವರ್ಷ, ಮಗ ವೀಸಾ ಮಾಡಿಸಿದ ಮೇಲೆ. ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷದ ಸಂಸಾರವೆಲ್ಲ ರಜೆಯ ತಿಂಗಳುಗಳಲ್ಲೇ ನಡೆದದ್ದು. ಗಂಡನ ಹಳೆಯ ಎಕ್ಸ್‌ರೇ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರು. ನಾನು ಪೆನ್ನು ಚಾಚಿದರೆ ಕೈ ಮುಂದೆ ಬರಲಿಲ್ಲ.

"ಇವರಿಗೆ ಎಂತ ಆಗಿದೆ ಅಂತ ನೀವಾದ್ರೂ ಹೇಳಿ. ಬರೆದದ್ದು ನೀವಲ್ವಾ?"

"ಎಂತ ಆಗ್ಲಿಲ್ಲ ಅಕ್ಕ."

"ಎಂತ ಆಗದೆ ಯಾರಾದ್ರೂ ಅಷ್ಟು ದೂರ ರೆಸ್ಟಿಗೆ ಹೋಗ್ತಾರಾ? ಅಲ್ಲಿ ದೊಡ್ಡ ಆಸ್ಪತ್ರೆ ಉಂಟಾ ಅಂತ ಕೀರ್ತನ್ ಹತ್ರ ಕೇಳಿದೆ, ಇಲ್ಲ ಅಂದ. ಮತ್ತೆ ಎಂತಕ್ಕೆ ಹೋಗುದು?" ಅವರ ದನಿ ಒಡೆಯಿತು. "ನಿಜ ಹೇಳದೆ ನಾನು ಸೈನ್ ಹಾಕುದಿಲ್ಲ."

ಸತ್ಯ ಹೇಳಬೇಕೆಂದರೆ ನನಗೂ ತಲೆಬುಡ ತಿಳಿದಿರಲಿಲ್ಲ. ಅರ್ಜಿಯ ಜೊತೆ ಯಾವ ದಿನ ಏನು ಮಾಡುತ್ತೀರಿ ಎಂಬ ಪಟ್ಟಿ ಕೊಡಬೇಕು. ಹತ್ತು ದಿನಕ್ಕೆ ಹತ್ತು ಸಾಲು, ಹತ್ತೂ ಖಾಲಿ. "ಅಲ್ಲಿ ಎಂತ ಮಾಡ್ತೀರಿ ಅಂತ ಒಂದಾದ್ರೂ ಹೇಳಿ," ಎಂದು ಕೊರಗಪ್ಪಣ್ಣನನ್ನು ಗದರಿದೆ.

"ಎಂತ ಇಲ್ಲ. ಸುಮ್ಮನೆ ಕೂತುಕೊಳ್ಳುದು," ಎಂದ ಅವರು ಹೆಂಡತಿಯ ಕಡೆ ತಿರುಗಿದರು. "ಅಮ್ಮಣ್ಣಿ, ಮದುವೆ ಆದ ಮೇಲೆ ಒಂದು ಇಡೀ ದಿನ, ಯಾರೂ ಬಾರದೆ, ಎಲ್ಲಿಗೂ ಹೋಗದೆ, ನಾವಿಬ್ಬರೇ ಕೂತದ್ದು ಉಂಟಾ? ನೆನಪು ಮಾಡಿ ಹೇಳು."

ಅಮ್ಮಣ್ಣಿಯಕ್ಕ ಯೋಚಿಸಿದರು. ಬಹಳ ಹೊತ್ತು ಯೋಚಿಸಿದರು. ಅಷ್ಟು ಹೊತ್ತು ಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು.

"ಒಮ್ಮೆ ಬಂದ್ ಇತ್ತು," ಎಂದರು ಕೊನೆಗೆ. "ಬಸ್ ಇರ್ಲಿಲ್ಲ. ನಿಮ್ಮ ಅಮ್ಮ ಅಕ್ಕನ ಮನೆಯಲ್ಲೇ ಉಳಿದ್ರು."

"ಆವತ್ತು ಎಂತ ಮಾಡಿದೆವು?"

"ಎಂತ ಇಲ್ಲ. ಗಂಜಿ ಉಂಡು ಜಗಲಿಯಲ್ಲಿ ಕೂತೆವು. ನಾನು ಯಾವ ಶಾಲೆಗೆ ಹೋದದ್ದು ಅಂತ ನೀವು ಕೇಳಿದ್ರಿ."

"ಆ ದ್ವೀಪದಲ್ಲಿ ದಿನಾ ಬಂದ್ ಮಾರಾಯ್ತಿ."

ಅಮ್ಮಣ್ಣಿಯಕ್ಕ ಗಂಡನ ಮುಖವನ್ನೇ ನೋಡಿದರು. ಪೂರ್ತಿ ನಂಬಿದರೆಂದು ನನಗೇನೂ ಅನ್ನಿಸಲಿಲ್ಲ. ಆದರೂ ಪೆನ್ನು ತೆಗೆದುಕೊಂಡು, ಪಾಸ್‌ಪೋರ್ಟಿನಲ್ಲಿದ್ದಂತೆಯೇ ಕನ್ನಡದಲ್ಲಿ, ಒಂದೊಂದೇ ಅಕ್ಷರವಾಗಿ ಸಹಿ ಹಾಕಿದರು. ನನ್ನ ಕಣ್ಣು ತುಂಬಿತ್ತು, ಪ್ರಿಂಟರಿನ ಕಾಗದ ಸರಿಮಾಡುವ ನೆಪದಲ್ಲಿ ಆಚೆ ತಿರುಗಿದೆ.

ಅವರು ಹೋದ ಮೇಲೆ ನೋಡಿದರೆ ಎಕ್ಸ್‌ರೇ ಲಕೋಟೆ ಕುರ್ಚಿಯ ಮೇಲೆಯೇ ಇತ್ತು. ಕರೆದು ಕೊಡೋಣವೆಂದು ಬಾಗಿಲಿಗೆ ಹೋದೆ. ಗೋದಾಮಿನ ಗೋಡೆಯ ನೆರಳಲ್ಲಿ ಇಬ್ಬರೂ ನಿಂತಿದ್ದರು. ಕೊರಗಪ್ಪಣ್ಣ ಏನೋ ಕೇಳುತ್ತಿದ್ದರು, ಅಮ್ಮಣ್ಣಿಯಕ್ಕ ಹೇಳುತ್ತಿದ್ದರು. ನಾನು ಕರೆಯಲಿಲ್ಲ. ಒಳಗೆ ಬಂದು ಕುಳಿತೆ, ಆ ಹತ್ತು ಸಾಲಿಗೆ ಏನು ತುಂಬಿಸುವುದೆಂದು ಆಗಲೂ ಹೊಳೆಯಲಿಲ್ಲ.